ಮೈಸೂರಿನ ಚಾಮರಾಜಪುರಂ ಸ್ಟೇಷನ್ ಹತ್ರದ ಹಲಗೆ ಬಾಗಿಲ ಹೋಟ್ಲು ಮುಚ್ಚಿದೆ, ಯಾರಿಗಾದ್ರೂ ವಿಷಯ ಗೊತ್ತಾ?

ಕುಕ್ಕರಹಳ್ಳಿ ವಾಕಿಂಗ್ · ಸೋಮವಾರ, ಬೆಳಿಗ್ಗೆ 7.40

ಇವತ್ತಿಗೆ ಮೂರು ದಿನ. ಶನಿವಾರ ಯಾರದ್ದೋ ಮದುವೆ ಇರಬೇಕು ಅಂದ್ಕೊಂಡು ಸುಮ್ಮನಾದೆ. ನಿನ್ನೆ ಅಮಾವಾಸ್ಯೆನೂ ಅಲ್ಲ, ಗ್ರಹಣನೂ ಅಲ್ಲ. ಇವತ್ತು ಹೋದ್ರೆ ಹನ್ನೊಂದು ಹಲಗೆನೂ ಹಾಗೇ ನಿಂತಿವೆ. ಐದನೇ ಹಲಗೆ ಮೇಲೆ ಕ್ಯಾಲೆಂಡರ್ ಹಾಳೆ ತಿರುಗಿಸಿ ‘ಅಂಗಡಿ ರಜೆ’ ಅಂತ ಬರೆದು ಅಂಟಿಸಿದ್ದಾರೆ. ಎಷ್ಟು ದಿನ ಅಂತ ಇಲ್ಲ. ಅಂಟಿಸಿರೋದು ಅನ್ನದ ಅಗುಳಲ್ಲಿ, ಆಗಲೇ ಇರುವೆ ಸಾಲು ಹಿಡಿದಿದೆ.

ಹೊರಗೆ ಹದಿನೈದು ಜನ ನಿಂತಿದ್ರು. ಯಾರೂ ಯಾರನ್ನೂ ಏನೂ ಕೇಳ್ತಿಲ್ಲ, ಯಾರೂ ಹೋಗ್ತಾನೂ ಇಲ್ಲ. ರೇಷ್ಮೆ ಫ್ಯಾಕ್ಟರಿಗೆ ಹೋಗೋ ಇಬ್ಬರು ಖಾಲಿ ಡಬ್ಬಿ ಹಿಡ್ಕೊಂಡು ಗಡಿಯಾರ ನೋಡ್ಕೋತಿದ್ರು. ನಾನು ಕೊನೆಗೆ ಮನೆಗೆ ಬಂದು ಬ್ರೆಡ್ ತಿಂದೆ. ವಾಕಿಂಗ್ ಹೋಗೋದೇ ಆ ಖಾಲಿ ದೋಸೆಗೆ ಅನ್ನೋದು ನಮ್ಮನೆಯವರಿಗೆ ಇವತ್ತು ಗೊತ್ತಾಯ್ತು.

ಆ ಕಡೆಯವರು ಯಾರಾದ್ರೂ ಇದ್ರೆ ಹೇಳಿ.

ಯೆಜ್ಡಿ ಸವಾರ · 7.52

ಯಾವ ಹೋಟ್ಲು ಸಾರ್? ಹೆಸರು ಹಾಕಿ.

ಕುಕ್ಕರಹಳ್ಳಿ ವಾಕಿಂಗ್ · 7.55

ಹೆಸರೇ ಇಲ್ವಲ್ಲ. ಬೋರ್ಡು ಯಾವುದೋ ಮಳೆಗಾಳೀಲಿ ಬಿತ್ತು, ಮತ್ತೆ ಏರಿಸಲೇ ಇಲ್ಲ. ನಾವು ಹಲಗೆ ಹೋಟ್ಲು ಅಂತೀವಿ.

ಅಗ್ರಹಾರದ ಹುಡುಗ · 8.03

ಓ, ಭಟ್ರ ಹೋಟ್ಲಾ! ನಮ್ಮನೇಲಿ ಭಟ್ರ ಹೋಟ್ಲು. ನಮ್ಮ ತಾತ ‘ಸೈರನ್ ಹೋಟ್ಲು’ ಅಂತಿದ್ರು, ಯಾಕೆ ಅಂತ ಕೇಳಕ್ಕೆ ಈಗ ತಾತ ಇಲ್ಲ.

ನಿವೃತ್ತ ಮೇಷ್ಟ್ರು · 8.41

ಯಾಕೆಂದರೆ ಫ್ಯಾಕ್ಟರಿ ಸೈರನ್ ಕೂಗುವ ಹೊತ್ತಿಗೆ ಮೊದಲ ಹಂಚು ಇಳಿಯಬೇಕಿತ್ತು. ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾದದ್ದು 1912ರಲ್ಲಿ, ನಾಲ್ವಡಿಯವರ ಕಾಲದಲ್ಲಿ. ಅಶೋಕಪುರಂನಲ್ಲಿ ರೈಲ್ವೆ ವರ್ಕ್‌ಶಾಪು. ಈ ಎರಡರ ಮಧ್ಯೆ ಸಿಕ್ಕಿಕೊಂಡ ಬೀದಿಗಳಲ್ಲಿ ಬೆಳಿಗ್ಗೆ ಆರಕ್ಕೆ ಹೊಟ್ಟೆ ತುಂಬಿಸುವ ಜಾಗ ಬೇಕಾಗಿತ್ತು. ಶೋಕಿಗೆ ತಿನ್ನುವ ತಿಂಡಿಯಲ್ಲ ಅದು. ಮಧ್ಯಾಹ್ನದ ಗಂಟೆ ಹೊಡೆಯುವ ತನಕ ಮಗ್ಗದ ಮುಂದೆ ನಿಲ್ಲುವವನು ತಿನ್ನುವ ತಿಂಡಿ. ಆದ್ದರಿಂದ ದೋಸೆ ದಪ್ಪ, ಸಾಗು ಧಾರಾಳ, ಚಟ್ನಿ ಎರಡನೇ ಸಲ ಕೇಳಿದರೆ ಮುಖ ಸಿಂಡರಿಸುವುದಿಲ್ಲ.

ನನ್ನ ತಂದೆ ವರ್ಕ್‌ಶಾಪಿನಲ್ಲಿದ್ದರು. ತಿಂಗಳ ಬಾಕಿ ಬರೆಸುತ್ತಿದ್ದರು. ಉದ್ದನೆಯ ಕೆಂಪು ಬಟ್ಟೆ ಹೊದಿಕೆಯ ಪುಸ್ತಕ, ಅದರಲ್ಲಿ ನಮ್ಮ ತಂದೆಯ ಹೆಸರಿಲ್ಲ, ‘ಬಾಯ್ಲರ್’ ಎಂದಷ್ಟೇ ಇತ್ತು.

ಹಜಾರದಲ್ಲಿ ‘ಮೈಸೂರು ಮಿತ್ರ’ ಒಂದು, ‘ಆಂದೋಲನ’ ಒಂದು. ಹಾಳೆ ಹಾಳೆಯಾಗಿ ಬಿಡಿಸಿ ನಾಲ್ಕು ಮೇಜಿಗೆ ಹಂಚಿ ಹೋಗಿರುತ್ತಿತ್ತು. ಮುಖಪುಟದ ಸುದ್ದಿ ಓದಿ ‘ಮುಂದುವರಿದಿದೆ’ ಎಂದಿದ್ದರೆ ಮುಂದಿನದಕ್ಕೆ ಎದುರು ಮೇಜಿನವನು ವಡೆ ಮುಗಿಸುವ ತನಕ ಕಾಯಬೇಕು. ಗಲ್ಲಾದ ಮೇಲೆ ರೇಡಿಯೋ. 6.55ಕ್ಕೆ ‘ಇಯಂ ಆಕಾಶವಾಣೀ’ ಎಂದು ಸಂಸ್ಕೃತ ವಾರ್ತೆ ಬರುವಾಗ ಒಳಗಿನಿಂದ ಎರಡನೇ ಸರತಿ ದೋಸೆ ಬರುತ್ತಿತ್ತು. ಸಂಸ್ಕೃತ ಒಂದಕ್ಷರ ಬಾರದವರಿಗೂ ಆ ಎರಡು ಪದ ಕೇಳಿದರೆ ಬಾಯಲ್ಲಿ ನೀರು.

ಉಪ್ಪು ಕಮ್ಮಿ · 9.15

ಬೈಬೇಡಿ, ಆದ್ರೂ ಹೇಳ್ತೀನಿ. ಆ ಹೋಟ್ಲಿಗೆ ಇಷ್ಟೊಂದು ಬಿಲ್ಡಪ್ ಬೇಡ. ಕೂರಕ್ಕೆ ಜಾಗ ಇಲ್ಲ, ಕೈ ತೊಳೆಯೋ ಕಡೆ ಕತ್ತಲು, ನೀರಿನ ಲೋಟ ಅಲ್ಲಾಡತ್ತೆ. ಒಳ್ಳೆ ಮೆತ್ತನೆ ದೋಸೆ ಬೇಕಾದ್ರೆ ನಜರ್‌ಬಾದ್‌ಗೆ ಹೋಗಿ ಮೈಲಾರಿ ತಿನ್ನಿ. ಊರೋರು, ಹೊರಗಿನೋರು ಎಲ್ಲಾ ಅಲ್ಲೇ ಹೋಗ್ತಾರೆ, ಸುಮ್ನೆನಾ?

ಯೆಜ್ಡಿ ಸವಾರ · 9.22

ಗುರು, ಮೈಲಾರಿನೂ ತಿನ್ನು, ಇದನ್ನೂ ತಿನ್ನು. ಎರಡೂ ಬೇರೆ. ಮೈಲಾರಿದು ಬಾಯಲ್ಲಿಟ್ರೆ ಕರಗತ್ತೆ, ಒಳಗೆ ಸಾಗು, ಮೇಲೆ ಬೆಣ್ಣೆ, ಎರಡು ತಿಂದ್ರೂ ಹೊಟ್ಟೆಗೆ ಸಾಲಲ್ಲ. ಇಲ್ಲಿಂದು ಕೆಳಭಾಗ ಹಂಚಿಗೆ ಕಚ್ಚಿಕೊಂಡು ಕೆಂಪಾಗಿರತ್ತೆ, ಮೇಲ್ಭಾಗ ಜೇನುಗೂಡು. ತಿರುವಿ ಹಾಕೋದೇ ಇಲ್ಲ, ಮುಚ್ಚಳ ಮುಚ್ಚಿ ಬೇಯಿಸ್ತಾರೆ. ಸಾಗು ಆ ತೂತುಗಳಿಗೆ ಇಳಿದ ಮೇಲೆ ತಿನ್ನಬೇಕು, ಬಂದ ತಕ್ಷಣ ಕೈ ಹಾಕೋನು ದಡ್ಡ.

ಸಕ್ಕರೆ ಸೀಮೆ · 10.05

ಮಂಡ್ಯದಿಂದ ಬರೀತಾ ಇವ್ನಿ. ನಾನು ಡಿಗ್ರಿ ಓದೋವಾಗ ದಿನಾ ರೈಲು. ಮೈಸೂರು ಜಂಕ್ಷನ್‌ನಾಗೆ ಇಳ್ದು ಚಾಮರಾಜನಗರದ ಪ್ಯಾಸೆಂಜರ್ ಹತ್ತಿದ್ರೆ ಮೊದಲ್ನೇ ಸ್ಟೇಷನ್ನೇ ಚಾಮರಾಜಪುರಂ. ಆ ಒಂದು ಸ್ಟೇಷನ್‌ಗೋಸ್ಕರ ಗಾಡಿ ಬದ್ಲಾಯಿಸ್ತಿದ್ದದ್ದು ದ್ವಾಸೆಗೇ ಕನಣ್ಣ, ಕಾಲೇಜು ಆ ಕಡೆ ಇರ್ನೇ ಇಲ್ಲ.

ಒಂದಿನ ಬ್ಯಾಗ್ನಾಗೆ ಮದ್ದೂರು ವಡೆ ಇತ್ತು. ಗಲ್ಲಾದ ಭಟ್ರಿಗೆ ಒಂದು ಕೊಟ್ಟೆ. ಮುರಿದ್ರು, ಮೂಸಿದ್ರು, ಒಂದು ಚೂರು ತಿಂದ್ರು. ‘ಈರುಳ್ಳಿ ಹಿಂಡಿ ಹಾಕವ್ರೆ, ನೀರು ಕಮ್ಮಿ, ಚಿರೋಟಿ ರವೆ ಜಾಸ್ತಿ’ ಅಂದ್ಬುಟ್ರು. ಆಮ್ಯಾಕೆ ಉಳ್ದಿದ್ದ ಅರ್ಧ ಕಾಗ್ದದಾಗೆ ಸುತ್ತಿ ಒಳಕ್ಕೆ ಕಳ್ಸಿದ್ರು. ಒಳ್ಗಡೆಯಿಂದ ಹೆಣ್ಣುದನಿ ಬಂತು: ‘ಸೋಂಪು ಇಲ್ಲ, ಕರಿಬೇವು ಸಣ್ಣಗೆ ಹಚ್ಚಿದ್ದಾರೆ, ನಮ್ಮಲ್ಲಿ ಇದು ನಡೆಯೋಲ್ಲ.’ ಅಷ್ಟೇಯ. ಯಾರು ಅಂತ ಮುಖ ನೋಡ್ಲಿಲ್ಲ ನಾನು. ಮೂರು ವರ್ಸ ತಿಂದಿವ್ನಿ, ಮುಖ ನೋಡ್ಲಿಲ್ಲ.

1917ರಾಗೆ ಮದ್ದೂರು ಸ್ಟೇಷನ್‌ನಾಗೆ ರಾಮಚಂದ್ರ ಬುಧ್ಯ ಅನ್ನೋರು ಸುರು ಮಾಡಿದ್ ವಡೆ ಅದು. ನೂರು ವರ್ಸ ದಾಟಿದ್ರೂ ನಿಂತದೆ. ನಿಮ್ಮ ದ್ವಾಸೆ ಯಾಕ್ ನಿಲ್ಬಾರ್ದು?

ಅಗ್ರಹಾರದ ಹುಡುಗ · 10.11

ಮಗ ಅಮೆರಿಕಕ್ಕೆ ಹೋಗಿರ್ತಾನೆ, ಜಾಗ ಬಿಲ್ಡರ್‌ಗೆ ಕೊಟ್ಟಿರ್ತಾರೆ. ಎಲ್ಲಾ ಕಡೆ ಇದೇ ಕಥೆ.

ಯೆಜ್ಡಿ ಸವಾರ · 10.14

ಮಗ ಅಮೆರಿಕದಲ್ಲಿಲ್ಲ ಗುರು, ಗಲ್ಲಾದಲ್ಲೇ ಕೂತಿರ್ತಾರೆ. ಮೊನ್ನೆ ಗುರುವಾರ ನಂಗೆ ಚಿಲ್ಲರೆ ಇಲ್ಲ ಅಂತ ಬೈದ್ರು.

ಹಳೇ ಮಾಣಿ · 11.30

ಈ ಚರ್ಚೆ ನನ್ನ ತಮ್ಮ ಕಳಿಸಿಕೊಟ್ಟ. ನಾನು ಅದೇ ಹೋಟ್ಲಲ್ಲಿ ಆರು ವರ್ಷ ಕೆಲಸ ಮಾಡಿದವ. ಎಸ್ಸೆಸ್ಸೆಲ್ಸಿ ಎರಡು ಸಲ ಡುಮ್ಕಿ ಹೊಡೆದು ಕುಂದಾಪುರ ಕಡೆಯಿಂದ ಬಂದದ್ದು, ಈಗ ಶಿವಮೊಗ್ಗದಲ್ಲಿ ನನ್ನದೇ ಸಣ್ಣ ಕ್ಯಾಂಟೀನು. ನೀವೆಲ್ಲ ಮೇಜಿನ ಕಡೆಯಿಂದ ನೋಡಿದ್ದು ಮಾರಾಯ್ರೆ, ನಾನು ಒಳಗಿಂದ ನೋಡಿದ್ದು ಹೇಳ್ತೇನೆ.

ಹಿಟ್ಟಿನದ್ದೇ ಮುಕ್ಕಾಲು ಕೆಲಸ. ಅಕ್ಕಿ ನಾಲ್ಕು ಪಾಲು, ಉದ್ದು ಒಂದು ಪಾಲು, ಮೆಂತ್ಯ, ಕೊನೆಗೆ ನೆನೆಸಿದ ಅವಲಕ್ಕಿ. ಇದು ಎಲ್ಲರಿಗೂ ಗೊತ್ತುಂಟು. ಗೊತ್ತಿಲ್ಲದ್ದು ಯಾವುದು ಅಂದ್ರೆ, ಉದ್ದು ರುಬ್ಬುವಾಗ ಭಟ್ರ ಮನೆಯ ಅಮ್ಮ ಒಂದು ಬಟ್ಟಲು ನೀರು ಪಕ್ಕದಲ್ಲಿ ಇಟ್ಕೊಳ್ತಿದ್ರು. ಬೆರಳ ತುದಿಯಲ್ಲಿ ಒಂದು ಚೂರು ತೆಗೆದು ನೀರಿಗೆ ಬಿಡೋದು. ತೇಲಿದ್ರೆ ಗ್ರೈಂಡರ್ ನಿಲ್ಲಿಸು, ಮುಳುಗಿದ್ರೆ ಇನ್ನೂ ಹತ್ತು ನಿಮಿಷ. ಬಿಸಿ ಆಗಬಾರದು ಅಂತ ಕೊಡದ ತಣ್ಣೀರೇ ಹಾಕೋದು.

ಉಪ್ಪು ಯಾವಾಗ ಹಾಕ್ಬೇಕು ಅನ್ನೋದು ಕಾಲ ನೋಡಿ. ಡಿಸೆಂಬರ್, ಜನವರಿಯಲ್ಲಿ ಹಿಟ್ಟು ಏಳೋದೇ ಕಷ್ಟ, ಹಾಗಾಗಿ ಉಪ್ಪು ಬೆಳಿಗ್ಗೆ. ಪಾತ್ರೆಗೆ ಗೋಣಿ ಸುತ್ತಿ ಒಲೆ ಪಕ್ಕದ ಗೋಡೆಗೆ ಒರಗಿಸಿ ಇಡೋದು. ಏಪ್ರಿಲ್‌ನಲ್ಲಿ ಸುಮ್ನೆ ಬಿಟ್ರೆ ಮಧ್ಯರಾತ್ರಿಗೇ ಹುಳಿ ಹೊಡೆದು ಹೊರಗೆ ಸುರಿಯುತ್ತೆ, ಆಗ ರುಬ್ಬೋದೇ ತಡವಾಗಿ, ಉಪ್ಪು ರಾತ್ರಿಯೇ. ಉಪ್ಪು ಬಿದ್ರೆ ಹುಳಿ ನಿಧಾನ. ಇದನ್ನ ಯಾರೂ ಎಲ್ಲೂ ಬರೆದಿಟ್ಟಿರ್ಲಿಲ್ಲ. ಅಮ್ಮ ರಾತ್ರಿ ಹನ್ನೊಂದಕ್ಕೆ ಹಿತ್ತಲ ಬಾಗಿಲು ತೆಗೆದು ಒಂದು ನಿಮಿಷ ನಿಲ್ತಿದ್ರು. ಗಾಳಿ ನೋಡಿ ಹೇಳ್ತಿದ್ರು, ‘ಇವತ್ತು ಉಪ್ಪು ಹಾಕು’ ಅಥವಾ ‘ಬೇಡ’.

ಅವರು ಏಳೋದು ಮೂರೂವರೆಗೆ. ಹಂಚು ಕಾಯಲಿಕ್ಕೇ ಅರ್ಧ ಗಂಟೆ. ನೀರು ಚಿಮುಕಿಸಿ ಸದ್ದು ಕೇಳೋದು. ‘ಚುಂಯ್’ ಅಂದು ಅಲ್ಲೇ ಹಬೆಯಾದ್ರೆ ಹದ, ಹನಿ ಗುಂಡಗಾಗಿ ಹಂಚಿನ ಮೇಲೆ ಓಡಾಡಿದ್ರೆ ಜಾಸ್ತಿ ಆಯ್ತು, ಪೊರಕೆಯಲ್ಲಿ ನೀರು ಗುಡಿಸಿ ಇಳಿಸಬೇಕು. ಮೊದಲ ದೋಸೆ ಯಾವತ್ತೂ ಗಿರಾಕಿಗಲ್ಲ, ಹಿತ್ತಲ ಗೋಡೆ ಮೇಲೆ ಕಾಗೆಗೆ.

ಭಟ್ರು ಒಳ್ಳೆಯವರೇ. ಆದ್ರೆ ದೋಸೆ ಭಟ್ರದ್ದಲ್ಲ. ಅವರು ಹಂಚಿನ ಮುಂದೆ ನಿಂತದ್ದು ನಾನು ಕಂಡಿಲ್ಲ.

ನಿವೃತ್ತ ಮೇಷ್ಟ್ರು · 11.48

ಐವತ್ತು ವರ್ಷ ‘ಭಟ್ಟರ ಕೈರುಚಿ’ ಎನ್ನುತ್ತಾ ತಿಂದೆ.

ಲೆಕ್ಕಪತ್ರ · ಮಧ್ಯಾಹ್ನ 1.20

ನಾನು ಸಣ್ಣ ಅಂಗಡಿಗಳ ಲೆಕ್ಕ ಬರೆಯೋನು. ಈ ಹೋಟ್ಲಿಂದು ನನ್ನ ಹತ್ರ ಇಲ್ಲ, ಇದ್ದಿದ್ರೆ ಇಲ್ಲಿ ಬರೀತಾನೂ ಇರ್ಲಿಲ್ಲ. ನೋಡಿದ್ದನ್ನ ಇಟ್ಕೊಂಡು ಹೇಳ್ತೀನಿ.

ಮೊದಲು ಸಾಮಾನು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರ್‌ಗೆ 4 ರೂಪಾಯಿ ಜಾಸ್ತಿ ಆಯ್ತು. ಅದೇ ವರ್ಷ ಕಾಫಿ ಪುಡಿ ಏರಿತು, ತೆಂಗಿನಕಾಯಂತೂ ಹೇಳೋ ಹಾಗೇ ಇಲ್ಲ, ಚಟ್ನಿ ಎರಡನೇ ಸಲ ಕೇಳೋ ಗಿರಾಕಿ ಮುಖ ನೋಡಿದ್ರೆ ಹೋಟ್ಲೋರಿಗೆ ಎದೆ ಡವಗುಟ್ಟತ್ತೆ. ಮನೆ ಸಿಲಿಂಡರ್ 14.2 ಕೆಜಿ, ಹೋಟ್ಲಲ್ಲಿ ಉರಿಸಬೇಕಾದ್ದು 19 ಕೆಜಿಯ ಕಮರ್ಷಿಯಲ್, ಅದರ ರೇಟು ತಿಂಗಳಿಗೊಂದು.

ಆಮೇಲೆ ಜಿಎಸ್‌ಟಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂತಲ್ಲ, ಆಗ ಊರ ತುಂಬ ಕ್ಯೂಆರ್ ಕಿತ್ತು ‘ಓನ್ಲಿ ಕ್ಯಾಶ್’ ಅಂತ ಬರೆದ್ರು. ಭಟ್ರೂ ಕಿತ್ತರು. ಹೋಟ್ಲಿಗೆ ವರ್ಷಕ್ಕೆ 20 ಲಕ್ಷ ವ್ಯಾಪಾರ ದಾಟಿದ್ರೆ ನೋಂದಣಿ ಬೇಕು. 20 ಲಕ್ಷ ಅಂದ್ರೆ ಭಾರಿ ಅನ್ಸತ್ತೆ. ದಿನಕ್ಕೆ 5,500 ಅಷ್ಟೇ. ತಲಾ 50 ರೂಪಾಯಿ ತಿಂದು ಹೋಗೋ 110 ಜನ. ಮೈಸೂರಲ್ಲಿ ನಡೆಯೋ ಯಾವ ದೋಸೆ ಹೋಟ್ಲು ದಾಟಲ್ಲ ಹೇಳಿ? ತೆರಿಗೆ ಏನೂ ಜಾಸ್ತಿ ಅಲ್ಲ, ಶೇ 5. ಕಾಂಪೊಸಿಷನ್ ಅಂತ ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಸ್ಕೀಮು, ಅದನ್ನ ತಗೊಂಡ್ರೆ ಅದನ್ನ ಗಿರಾಕಿ ಬಿಲ್ಲಲ್ಲಿ ಬೇರೆ ತೋರಿಸಿ ವಸೂಲಿ ಮಾಡೋ ಹಾಗಿಲ್ಲ, ಅಂದ್ರೆ ದೋಸೆ ರೇಟಲ್ಲೇ ಸೇರಿಸ್ಕೋಬೇಕು. ರೇಟು ಏರಿಸಕ್ಕೆ ಹೆದರೋರಿಗೆ ಅದು ಗಂಟಲ ಮುಳ್ಳು.

ಆದ್ರೆ ಇದು ಯಾವುದೂ ಹೋಟ್ಲು ಮುಚ್ಚೋ ಕಾರಣ ಅಲ್ಲ. ಕಾರಣ ಬೇರೆ ಕಡೆ ಇದೆ. ಹಳೇ ಮಾಣಿ ಹೇಳಿದ ಏಳೋ ಹೊತ್ತಿಂದ ಹಿಡಿಯೋಣ. ಬೆಳಗಿನ ಜಾವ ಮೂರೂವರೆಯಿಂದ ಹನ್ನೆರಡೂವರೆ, ಆಮೇಲೆ ಮೂರರಿಂದ ರಾತ್ರಿ ಎಂಟು. ಹದಿನಾಲ್ಕು ಗಂಟೆ. ಮನೆಯವರೇ ಮೂರು ಜನ, ಒಟ್ಟು 42 ಗಂಟೆ. ಗಂಟೆಗೆ ಬರೀ 60 ರೂಪಾಯಿ ಹಿಡಿದ್ರೂ ದಿನಕ್ಕೆ 2,520. ದಿನಕ್ಕೆ 250 ದೋಸೆ ಹೋಗತ್ತೆ ಅಂದ್ಕೊಳ್ಳಿ, ದೋಸೆಗೆ ಹತ್ತು ರೂಪಾಯಿ. ಆ ಹತ್ತು ರೂಪಾಯಿ ಯಾವತ್ತೂ ರೇಟಲ್ಲಿ ಸೇರೇ ಇಲ್ಲ. ನಾವು ‘ನಲವತ್ತೈದಕ್ಕೆ ಎಂಥ ದೋಸೆ’ ಅಂತ ಹೊಗಳ್ತಿದ್ದದ್ದು ಯಾರದ್ದೋ ಕೊಡದ ಸಂಬಳ.

ಅಗ್ರಹಾರದ ಹುಡುಗ · 1.35

ಹಾಗಾದ್ರೆ ಏರಿಸಬೇಕಿತ್ತು. ಯಾರು ಬೇಡ ಅಂದ್ರು?

ಯೆಜ್ಡಿ ಸವಾರ · 1.58

ನಾನು ಅಂದೆ.

ಸುಳ್ಳು ಯಾಕೆ. ಹೋದ ವರ್ಷ 40 ಇದ್ದದ್ದು 45 ಆದಾಗ ಗಲ್ಲಾದ ಮುಂದೆ ನಿಂತು ‘ಏನ್ ಭಟ್ರೆ, ದರ್ಶಿನಿ ರೇಟ್ ಮಾಡ್ಬಿಟ್ರಿ’ ಅಂತ ಎಲ್ಲರಿಗೂ ಕೇಳೋ ಹಾಗೆ ಅಂದೆ. ಹಿಂದೆ ನಿಂತಿದ್ದೋರು ನಕ್ಕರು. ಅವರು ಐದು ರೂಪಾಯಿ ವಾಪಸ್ ಕೊಟ್ಟರು. ತಗೊಂಡೆ. ಅವತ್ತೇ ಸಾಯಂಕಾಲ ಮಾಲ್‌ನಲ್ಲಿ ಮಗಳಿಗೆ 280 ರೂಪಾಯಿಯ ಕೋಲ್ಡ್ ಕಾಫಿ ಕೊಡಿಸಿದೆ, ಅದಕ್ಕೆ ಜೋಕ್ ಹೊಡೀಲಿಲ್ಲ.

ನಿವೃತ್ತ ಮೇಷ್ಟ್ರು · 2.30

ಬೆಂಗಳೂರಿನ ಎಂಟಿಆರ್ ಕಥೆ ನೆನಪಾಗುತ್ತದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲುಗಳು ತೀರಾ ಕಡಿಮೆ ಬೆಲೆಗೆ ಮಾರಬೇಕೆಂಬ ಸರ್ಕಾರಿ ಆಜ್ಞೆ ಬಂತು. ಆ ಬೆಲೆಗೆ ಅದೇ ಗುಣಮಟ್ಟ ಕೊಡಲಾಗದೆ ಅವರು ಪುಡಿ, ಮಿಕ್ಸುಗಳ ಕಡೆ ತಿರುಗಿದರು. ಅಲ್ಲಿ ಬೆಲೆ ಕಟ್ಟಿಹಾಕಿದ್ದು ಸರ್ಕಾರ. ಇಲ್ಲಿ ನಾವೇ, ಜೋಕು ಹೊಡೆದು.

ಪುಣೆಯ ಮೈಸೂರಿಗ · 4.10

ಹಳೇ ಮಾಣಿ ಅಣ್ಣಾ, ನೀವು ಹೇಳಿದ ಅಳತೆಯಲ್ಲೇ ನೆನೆ ಹಾಕಿದ್ದೀನಿ. ತೇಲೋ ಪರೀಕ್ಷೆನೂ ಮಾಡ್ತೀನಿ. ನಾಳೆ ಫೋಟೋ.

ಪುಣೆಯ ಮೈಸೂರಿಗ · ಮಂಗಳವಾರ, ಬೆಳಿಗ್ಗೆ 8.20

ಫೋಟೋ ಹಾಕಲ್ಲ. ತೇಲಿತು. ಉಬ್ಬಿತು. ಹಂಚಿಂದ ಮಾತ್ರ ಎದ್ದು ಬರ್ಲಿಲ್ಲ. ನಾನ್‌ಸ್ಟಿಕ್‌ನಲ್ಲಿ ಹಾಕಿದ್ರೆ ಎದ್ದು ಬಂತು, ಆದ್ರೆ ಕೆಳಗೆ ಬೆಳ್ಳಗೆ, ಮೇಲೆ ಬೆಳ್ಳಗೆ, ಗಾಯದ ಪಟ್ಟಿ ಹಾಗೆ. ಹೆಂಡತಿ ಜಾಮ್ ಹಚ್ಕೊಂಡು ತಿಂದ್ಳು.

ಹಳೇ ಮಾಣಿ · 8.45

ಕಬ್ಬಿಣದ ಹಂಚಿಗೆ ತಿಂಗಳುಗಟ್ಟಲೆ ಎಣ್ಣೆ ಕುಡಿಸಬೇಕು ಮಾರಾಯ್ರೆ. ಅರ್ಧ ಈರುಳ್ಳಿ ಚುಚ್ಚಿ ಎಣ್ಣೆ ಅದ್ದಿ ಒರೆಸಿ. ಮತ್ತೆ ಆ ಹಂಚಲ್ಲಿ ಚಪಾತಿ ಮಾಡ್ಬೇಡಿ, ಹಾಳಾಗುತ್ತೆ.

ಅಗ್ರಹಾರದ ಹುಡುಗ · 9.30

ಒಂದು ಐಡಿಯಾ. ಎಲ್ಲರೂ ತಲಾ ಐನೂರು ಹಾಕಿ ಒಂದು ಫಂಡ್ ಮಾಡೋಣ. ಪಾರಂಪರಿಕ ಹೋಟ್ಲು ಅಂತ ಉಳಿಸಿಕೊಳ್ಳೋಣ. ಯಾರ ಹತ್ರನಾದ್ರೂ ಅವರ ಮನೆ ಫೋನ್ ನಂಬರ್ ಇದ್ರೆ ಹಾಕಿ.

ಮಾಡರೇಟರ್ · 9.34

ಫೋನ್ ನಂಬರ್, ಮನೆ ಫೋಟೋ ಯಾರೂ ಹಾಕಬೇಡಿ. ಹಾಕಿದ್ದ ಎರಡನ್ನು ತೆಗೆದಿದ್ದೇನೆ.

ಉಪ್ಪು ಕಮ್ಮಿ · 9.50

ಪಾರಂಪರಿಕ ಅಂತ ಹೆಸರಿಟ್ರೆ ಉಳಿಯತ್ತಾ? ಲ್ಯಾನ್ಸ್‌ಡೌನ್ ಬಿಲ್ಡಿಂಗ್ 2012ರಲ್ಲಿ ಕುಸಿದು ಜನ ಸತ್ತರು. ದೇವರಾಜ ಮಾರ್ಕೆಟ್ ಬಾಗಿಲು 2016ರಲ್ಲಿ ಬಿತ್ತು. ಅವೆರಡೂ ಪಾರಂಪರಿಕವೇ. ಕಲ್ಲು ಗಾರೆಯದ್ದೇ ಈ ಪಾಡು, ಇನ್ನು ಮನುಷ್ಯರ ಮೊಣಕಾಲು ಭುಜ ಪಟ್ಟಿಗೆ ಸೇರಿಸ್ತೀರಾ?

(ಹೌದು, ನಾನು ಆ ದೋಸೆ ಇಷ್ಟ ಇಲ್ಲ ಅಂದೋನು. ಇಷ್ಟ ಇಲ್ಲ. ನಮ್ಮಪ್ಪನಿಗೆ ಇಷ್ಟ. ಲಾಕ್‌ಡೌನ್‌ನಲ್ಲಿ, 2020ರ ಮಾರ್ಚ್ ಕೊನೇಲಿ, ಅಪ್ಪ ಒಬ್ರೇ ಇದ್ದಾಗ ಆ ಹೋಟ್ಲ ಹಿತ್ತಲ ಬಾಗಿಲಿಂದ ದಿನಾ ಇಡ್ಲಿ ಬರ್ತಿತ್ತು. ದುಡ್ಡು ಎಷ್ಟು ಕೊಟ್ರು ಅಂತ ಅಪ್ಪನಿಗೂ ಸರಿಯಾಗಿ ನೆನಪಿಲ್ಲ.)

ಹಿಂದಿನ ಓಣಿ · 10.40

ಎರಡು ದಿನದಿಂದ ಓದ್ತಾ ಇದ್ದೀನಿ. ನಮ್ಮ ಮನೆ ಅವರ ಹಿತ್ತಲಿಗೆ ಬೆನ್ನು ಹಾಕ್ಕೊಂಡಿರೋದು, ಮಧ್ಯೆ ಕನ್ಸರ್ವೆನ್ಸಿ, ಅಂದ್ರೆ ಮನೆಗಳ ಹಿಂದಿನ ಸಣ್ಣ ಓಣಿ, ಮಾತ್ರ. ಅವರ ಮನೆ ವಿಷಯ ಅಂತ ಸುಮ್ಮನಿದ್ದೆ. ಅವರನ್ನ ಕೇಳಿಯೇ ಇಷ್ಟು ಬರೀತಿದ್ದೀನಿ.

ಅಮ್ಮನಿಗೆ ಬಲಭುಜ ಎತ್ತಕ್ಕೆ ಆಗ್ತಿಲ್ಲ. ವರ್ಷದಿಂದಲೂ ಎಡಗೈಯಲ್ಲಿ ಬಲಗೈ ಮೊಣಕೈಯನ್ನ ಹಿಡಿದು ಎತ್ತಿ ಹಿಟ್ಟು ಹುಯ್ತಿದ್ರು, ನಾನು ಕಿಟಕಿಯಿಂದ ನೋಡಿದ್ದೀನಿ. ಹುಯ್ಯೋದು, ಸೌಟಿನ ಹಿಂಭಾಗದಲ್ಲಿ ಒಂದೂವರೆ ಸುತ್ತು, ಮತ್ತೆ ಕೈ ಇಳಿಸಿ ಸೊಂಟಕ್ಕೆ ಆನಿಸೋದು. ದಿನಕ್ಕೆ 250 ಸಲ ಅಂತ ಈಗ ಮೇಲಿನ ಲೆಕ್ಕದಿಂದ ಗೊತ್ತಾಯ್ತು. ಡಾಕ್ಟ್ರು ಮೂರು ತಿಂಗಳು ಒಲೆ ಹತ್ರ ಸುಳಿಯಬೇಡಿ ಅಂದಿದ್ದಾರೆ. ಸೊಸೆ ಇದ್ದಾಳಲ್ಲ, ಅವಳು ಹಿಟ್ಟು, ಸಾಗು, ಚಟ್ನಿ ಎಲ್ಲಾ ನೋಡ್ಕೋತಾಳೆ, ಹಂಚಿನ ಮುಂದೆನೂ ನಿಂತ್ರೆ ಇನ್ನೊಂದು ಭುಜ ಹೋಗತ್ತೆ ಅಷ್ಟೇ. ಅದನ್ನ ಅಮ್ಮನೇ ಬೇಡ ಅಂದಿದ್ದು.

ಇಲ್ಲಿ ಎಲ್ಲರೂ ಭಟ್ರು, ಮಗ, ಬಿಲ್ಡರ್, ಫಂಡ್ ಅಂತಿದ್ದೀರಿ. ದುಡ್ಡು ಬೇಡ ಅವರಿಗೆ.

ಇನ್ನೊಂದು ವಿಷಯ. ಬಾಗಿಲು ಮುಚ್ಚಿದೆ ನಿಜ. ಆದ್ರೆ ಶನಿವಾರದಿಂದ ದಿನಾ ಬೆಳಿಗ್ಗೆ ನಾಲ್ಕೂವರೆಗೆ ಹಿತ್ತಲಿಂದ ದೋಸೆ ವಾಸನೆ ಬರ್ತಿದೆ.

ಯೆಜ್ಡಿ ಸವಾರ · 10.42

ಏನು?!

ಸಕ್ಕರೆ ಸೀಮೆ · 10.50

ವಾಸ್ನೆ ಬತ್ತದೆ ಅಂದ್ರೆ ಯಾರೋ ಹುಯ್ತಾವ್ರೆ. ಹೇಳ್ಬುಡಕ್ಕ, ಹೊಟ್ಟೆ ಉರಿಸ್ಬ್ಯಾಡ.

ಹಿಂದಿನ ಓಣಿ · 10.55

ಅದನ್ನ ಹೇಳಬೇಡಿ ಅಂದಿದ್ದಾರೆ. ಕನ್ಸರ್ವೆನ್ಸಿಲಿ ಓಡಾಡೋ ಎರಡು ಹಸು ನಾಲ್ಕು ದಿನದಲ್ಲಿ ದಪ್ಪಗಾಗಿವೆ, ಅಷ್ಟು ಮಾತ್ರ ಹೇಳ್ತೀನಿ.

ಕುಕ್ಕರಹಳ್ಳಿ ವಾಕಿಂಗ್ · ಗುರುವಾರ, ಬೆಳಿಗ್ಗೆ 9.05

ಹೋಗಿ ಬಂದೆ. ಉದ್ದ ಆಗತ್ತೆ, ಕ್ಷಮಿಸಿ.

ಐದೂ ಮುಕ್ಕಾಲಿಗೆ ಹೋದಾಗ ಬೀದಿ ದೀಪ ಇನ್ನೂ ಉರೀತಿತ್ತು. ಭಟ್ರು ಹಲಗೆ ತೆಗೀತಾ ಇದ್ರು. ಕೈ ಹಾಕ್ದೆ. ಹಲಗೆ ಒಳಭಾಗದಲ್ಲಿ ಕನ್ನಡ ಅಂಕಿ ಕೊರೆದಿದ್ದಾರೆ, ೧ರಿಂದ ೧೧. ಇಷ್ಟು ವರ್ಷಕ್ಕೆ ಇವತ್ತು ನೋಡಿದೆ. ತೆಗೆದಿದ್ದನ್ನ ಗೋಡೆಗೆ ಒರಗಿಸುವಾಗ ೭ನ್ನ ೪ರ ಮುಂದೆ ಇಟ್ಟೆ. ‘ಹಿಂದು ಮುಂದು ಆದ್ರೆ ರಾತ್ರಿ ಹಾಕಕ್ಕೆ ಬರಲ್ಲ ಕಣಯ್ಯ’ ಅಂತ ಬೈದ್ರು. ಬೈಗುಳ ಕೇಳಿ ಸಮಾಧಾನ ಆಯ್ತು.

ಒಳಗೆ ಹಂಚಿನ ಮುಂದೆ ಮಗ ನಿಂತಿದ್ದಾರೆ. ಗಲ್ಲಾದಲ್ಲಿ ಕೂತು ಚಿಲ್ಲರೆಗೆ ಬೈತಿದ್ದ ಅದೇ ಮಗ, ಬನಿಯನ್, ತಲೆಗೆ ಟವೆಲ್, ಎರಡೂ ಮುಂಗೈಗೆ ಬರ್ನಾಲ್. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಅಮ್ಮ, ಬಲಗೈ ಜೋಳಿಗೆ ಪಟ್ಟಿಯಲ್ಲಿ. ಮೊದಲ ಸಲ ಅವರ ಮುಖ ನೋಡಿದೆ. ಎಡಗೈಯಲ್ಲಿ ತೆಂಗಿನ ಕಡ್ಡಿ ಪೊರಕೆ. ಮಗ ಸೌಟು ತಿರುಗಿಸುವಾಗ ಎರಡನೇ ಸುತ್ತಿಗೆ ಹೋದ್ರೆ ಪೊರಕೆಯಿಂದ ಅವರ ಮೊಣಕೈಗೆ ತಟ್ತಾರೆ. ‘ಒಂದೂವರೆ. ತೂತು ಮುಚ್ಚಿ ಹೋಗತ್ತೆ, ಬಿಡು ಅದನ್ನ.’ ಐದು ದಿನದಿಂದ ಇದೇ ನಡೆದಿದ್ದು. ದಿನಾ ಅರ್ಧ ಪಾತ್ರೆ ಹಿಟ್ಟು ಹಸುಗಳಿಗೆ ಹೋಗಿದೆ.

ಬಂದ ದೋಸೆ ಪೂರ್ತಿ ದುಂಡಗಿಲ್ಲ. ಒಂದು ಕಡೆ ಬೀದರ್ ಹಾಗೆ ಚಾಚಿಕೊಂಡಿತ್ತು. ಕೆಳಗೆ ಕೆಂಪು ಸರಿಯಾಗಿ ಬಂದಿದೆ, ಮೇಲೆ ತೂತು ಮುಕ್ಕಾಲು ಭಾಗ. ಸಾಗು ಅದೇ. ಸೊಸೆ ಗಲ್ಲಾದಲ್ಲಿ.

ಹೊಸ ಕ್ರಮ ಗೋಡೆ ಮೇಲೆ ಬರೆದಿದ್ದಾರೆ, ಅದನ್ನೇ ಇಲ್ಲಿ ಹಾಕ್ತೀನಿ. ಬೆಳಿಗ್ಗೆ 6ರಿಂದ 11. ಸಾಯಂಕಾಲ ಇಲ್ಲ. ಖಾಲಿ ದೋಸೆ, ಇಡ್ಲಿ, ಕಾಫಿ ಮಾತ್ರ. ದೋಸೆ 60. ಭಾನುವಾರ ರಜೆ.

ಅಗ್ರಹಾರದ ಹುಡುಗ · 9.12

ಭಾನುವಾರ ರಜೆನಾ? ನಮಗೆ ಪುರುಸೊತ್ತು ಇರೋದೇ ಭಾನುವಾರ!

ಹಿಂದಿನ ಓಣಿ · 9.15

ಅವರಿಗೂ.

ಲೆಕ್ಕಪತ್ರ · 9.40

60 ಸರಿಯಾಗಿದೆ. ನಂಗೇನಾದ್ರೂ ಕೇಳಿದ್ರೆ 65 ಅಂತಿದ್ದೆ. ಕ್ಯೂಆರ್ ವಾಪಸ್ ಬಂದಿದೆಯಾ?

ಕುಕ್ಕರಹಳ್ಳಿ ವಾಕಿಂಗ್ · 9.44

ಬಂದಿದೆ. ಅದರ ಪಕ್ಕದಲ್ಲೇ ಜಿಎಸ್‌ಟಿ ಸರ್ಟಿಫಿಕೇಟು, ಗಣಪತಿ ಫೋಟೋ ಕೆಳಗೆ, ಅದಕ್ಕೂ ಕುಂಕುಮ ಇಟ್ಟಿದ್ದಾರೆ.

ಒಂದು ಮರೆತಿದ್ದೆ. ಮೇಷ್ಟ್ರೇ, ಕೆಂಪು ಪುಸ್ತಕ ಅಟ್ಟದಲ್ಲಿದೆ ಅಂತೆ. ‘ಬಾಯ್ಲರ್’ ಅಂತ ಹೇಳ್ದೆ. ಭಟ್ರು ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಎರಡು ರೂಪಾಯಿ ಹತ್ತಾಣೆ ಬಾಕಿ ಇತ್ತು’ ಅಂದ್ರು.

ನಿವೃತ್ತ ಮೇಷ್ಟ್ರು · 10.30

ಶನಿವಾರ ಬರುತ್ತೇನೆ. ಆಣೆ ಎಲ್ಲಿಂದ ತರಲಿ?

ಯೆಜ್ಡಿ ಸವಾರ · 10.41

ನನ್ನ ಹಿಂದೆ ಕೂತ್ಕೊಳ್ಳಿ ಸಾರ್, ನಾನೂ ಐದು ರೂಪಾಯಿ ಕೊಡೋದಿದೆ. ಆರಕ್ಕೆಲ್ಲ ನಿಮ್ಮ ಗೇಟ್ ಹತ್ರ ಇರ್ತೀನಿ. ಚಿಲ್ಲರೆ ನಾನೇ ತರ್ತೀನಿ.